ಕ್ಯಾಡ್ಮಿಯಂ ಎಲ್ಲೆಲ್ಲಿ ಇರುತ್ತೆ, ಸಿಕ್ಕರೆ ಏನು ಮಾಡಬೇಕು

ಕ್ಯಾಡ್ಮಿಯಂಗಾಗಿಯೇ ಯಾರೂ ಗಣಿ ತೋಡುವುದಿಲ್ಲ. ಸತುವಿನ ಅದಿರು ಶುದ್ಧ ಮಾಡುವಾಗ ಜೊತೆಗೆ ಬರುವ ಲೋಹ ಇದು. 1817ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಸ್ಟ್ರೋಮೇಯರ್‌ಗೆ ಇದು ಸಿಕ್ಕಿದ್ದೂ ಸತುವಿನ ಕಾರ್ಬೊನೇಟಿನಲ್ಲೇ. ಗಟ್ಟಿ ತುಂಡು ಅಷ್ಟೇನೂ ತೊಂದರೆ ಕೊಡುವುದಿಲ್ಲ, ಹೆದರಬೇಕಾದ್ದು ಹೊಗೆಗೆ ಮತ್ತು ಪುಡಿಗೆ. ಒಮ್ಮೆ ಮೂತ್ರಪಿಂಡ ಸೇರಿತೆಂದರೆ ಅದರಲ್ಲಿ ಅರ್ಧ ಹೊರಬೀಳಲು 10ರಿಂದ 30 ವರ್ಷ ಬೇಕು.

ಹಳೆಯ ಬ್ಯಾಟರಿ

ಮನೆಯಲ್ಲಿ ಹೆಚ್ಚು ಸಿಗುವುದು ಇಲ್ಲೇ: ಹಳೆಯ ಕಾರ್ಡ್‌ಲೆಸ್ ಫೋನು, ಟ್ರಿಮ್ಮರ್, ಚಾರ್ಜಿಂಗ್ ಡ್ರಿಲ್, ಸಣ್ಣ ಎಮರ್ಜೆನ್ಸಿ ಲೈಟು. ಮೀಟರ್ ಹಿಡಿದು ಪತ್ತೆ ಮಾಡಲು ಹೋಗಬೇಡಿ, ನಿಕಲ್-ಕ್ಯಾಡ್ಮಿಯಂ ಮತ್ತು ಕ್ಯಾಡ್ಮಿಯಂ ಇಲ್ಲದ ನಿಕಲ್-ಮೆಟಲ್ ಹೈಡ್ರೈಡ್ ಎರಡೂ ಸೆಲ್ಲಿಗೆ 1.2 ವೋಲ್ಟೇ. ಲೇಬಲ್ ಓದಿ. ಕೋಡು 'ಕೆಆರ್' ಎಂದು ಶುರುವಾದರೆ ಕ್ಯಾಡ್ಮಿಯಂ, 'ಎಚ್‌ಆರ್' ಎಂದಿದ್ದರೆ ಹೈಡ್ರೈಡ್. ಲೇಬಲ್ ಅಳಿಸಿಹೋಗಿದ್ದು, ಪೆನ್‌ಟಾರ್ಚ್ ಗಾತ್ರದ ಸೆಲ್ಲಿನ ಮೇಲೆ 600–1000 ಎಂಎಎಚ್ ಅಂತಷ್ಟೇ ಕಾಣುತ್ತಿದ್ದರೆ ಕ್ಯಾಡ್ಮಿಯಂ ಎಂದೇ ಇಟ್ಟುಕೊಳ್ಳಿ.

ಸೆಲ್ಲಿನ ಬಾಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಮುಖ್ಯವಾಗಿ ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ಗಾಳಿ ತಾಕಿ ಕಾರ್ಬೊನೇಟ್ ಆದದ್ದು. ಊದಬೇಡಿ, ಒಣ ಬ್ರಷ್ಷಿನಲ್ಲಿ ಉಜ್ಜಬೇಡಿ. ರಬ್ಬರ್ ಕೈಗವಸು ಹಾಕಿ ಸೆಲ್ ತೆಗೆದು, ವಿನಿಗರ್‌ನಲ್ಲಿ ಅದ್ದಿದ ಹತ್ತಿಯಿಂದ ಕನೆಕ್ಷನ್ ಪಟ್ಟಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಕಣ್ಣಿಗೆ ಬಿದ್ದರೆ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಎಸೆಯುವ ಮುಂಚೆ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡಿ. ಮನೆ ಕಸಕ್ಕಲ್ಲ, ಬೆಂಕಿಗಂತೂ ಅಲ್ಲವೇ ಅಲ್ಲ. ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಇವನ್ನು ಹಿಂಪಡೆಯುವ ಹೊಣೆ ತಯಾರಕರದ್ದು.

ಬೆಸುಗೆ

ನಿಜವಾದ ಅಪಾಯ ಇರುವುದು ಇಲ್ಲಿ. ಫ್ರಿಜ್, ಎಸಿ ರಿಪೇರಿಯಲ್ಲಿ ತಾಮ್ರವನ್ನು ಸ್ಟೀಲಿಗೆ ಕೂಡಿಸುವ ಹಳೆಯ ಜಾತಿಯ ಬೆಳ್ಳಿ ರಾಡಿನಲ್ಲಿ 45% ಬೆಳ್ಳಿ, 15% ತಾಮ್ರ, 16% ಸತು, ಉಳಿದ 24% ಕ್ಯಾಡ್ಮಿಯಂ. ಸುಮಾರು 620 ಡಿಗ್ರಿ ಸೆಲ್ಸಿಯಸ್‌ಗೇ ಚೆನ್ನಾಗಿ ಹರಿಯುತ್ತದೆ, ಕೆಲಸಗಾರರಿಗೆ ಇಷ್ಟವಾಗುವುದೂ ಅದಕ್ಕೇ. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ. ಜ್ವಾಲೆಯನ್ನು ರಾಡಿಗೇ ಹಿಡಿದರೆ ಕ್ಷಣದಲ್ಲಿ ಆ ಶಾಖ ದಾಟಿ ಕಂದು ಹೊಗೆ ಏಳುತ್ತದೆ. ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ.

ಹೊಗೆ ಕುಡಿದವರಿಗೆ ಆ ಗಳಿಗೆಯಲ್ಲಿ ಏನೂ ಅನಿಸದಿರಬಹುದು. ಕೆಲವು ಗಂಟೆ ಕಳೆದ ಮೇಲೆ ಜ್ವರ, ಕೆಮ್ಮು, ಎದೆ ಬಿಗಿತ. ಫ್ಲೂ ಅಂದುಕೊಂಡು ಮಲಗಿಬಿಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಕುತ್ತು ಬರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ಬೆಸುಗೆ ಹೊಗೆ ಕುಡಿದದ್ದನ್ನು ಬಾಯಿಬಿಟ್ಟು ಹೇಳಿ.

ಕ್ಯಾಡ್ಮಿಯಂ ಇಲ್ಲದ ರಾಡನ್ನೇ ಕೇಳಿ ತನ್ನಿ. 56% ಬೆಳ್ಳಿ, 5% ತವರ ಇರುವದು ಸುಮಾರು 650 ಡಿಗ್ರಿಗೆ ಹರಿಯುತ್ತದೆ. ದುಬಾರಿ, ಆದರೂ ಅದೇ ಸರಿ. ಹಳೆಯ ಜಾಯಿಂಟು ಬಿಚ್ಚುವಾಗ ಕಾಯಿಸುವ ಬದಲು ಕೊಳವೆಯನ್ನು ಕಟರ್‌ನಿಂದ ಕತ್ತರಿಸಿ.

ಕೆಡಿಎಂ ಒಡವೆಯದೂ ಇದೇ ಕಥೆ. ಕೆಡಿಎಂ ಎಂದರೆ ಶುದ್ಧತೆಯ ಮುದ್ರೆ ಅಂತ ಎಷ್ಟೋ ಜನ ಈಗಲೂ ನಂಬಿದ್ದಾರೆ. ಅದು ಚಿನ್ನಕ್ಕೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ, ಅಷ್ಟೇ. ತೊಟ್ಟವರಿಗಿಂತ ಅದನ್ನು ಕಾಯಿಸುವ ಅಕ್ಕಸಾಲಿಗರಿಗೆ ತೊಂದರೆ. ಹಳೆಯ ಸರ ಕರಗಿಸಲು ಕೊಡುವಾಗ ಕೆಡಿಎಂ ಎಂದು ಮೊದಲೇ ತಿಳಿಸಿ. ಶುದ್ಧತೆಗೆ ನೋಡಬೇಕಾದ್ದು ಬಿಐಎಸ್ ಗುರುತು ಮತ್ತು ಒಡವೆಗೊಂದರಂತೆ ಕೊಡುವ ಆರು ಅಕ್ಷರ-ಅಂಕಿಯ ಗುರುತು ಸಂಖ್ಯೆ ಎಚ್‌ಯುಐಡಿ.

ಹೊಗೆಸೊಪ್ಪು, ಮಣ್ಣು

ತಂಬಾಕು ಗಿಡ ಮಣ್ಣಿನ ಕ್ಯಾಡ್ಮಿಯಂ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಸಿಗರೇಟು ಸೇದುವವರಿಗೆ ಬೇರೆ ಯಾವ ಮೂಲವನ್ನೂ ಹುಡುಕಬೇಕಾಗಿಲ್ಲ.

ಹೊಲಕ್ಕೆ ಇದು ಬರುವುದು ರಂಜಕದ ಗೊಬ್ಬರದಿಂದ, ಚರಂಡಿ ನೀರಿನಿಂದ. ಮಣ್ಣು ಹುಳಿಯಾದಷ್ಟೂ ಗಿಡ ಹೆಚ್ಚು ಹೀರುತ್ತದೆ, ಅದರಲ್ಲೂ ಪಾಲಕ್‌ನಂಥ ಸೊಪ್ಪು. ಮಲೆನಾಡು, ಕರಾವಳಿಯ ಹುಳಿ ಮಣ್ಣಿನವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ವರದಿಯಲ್ಲಿ ಹೇಳಿದಷ್ಟೇ ಸುಣ್ಣ ಹಾಕಿ. ಅಂದಾಜಿನಲ್ಲಿ ಸುರಿದರೆ ಸತು, ಕಬ್ಬಿಣದ ಅಂಶ ಗಿಡಕ್ಕೆ ಸಿಗದೆ ಎಲೆ ಹಳದಿಯಾಗುತ್ತದೆ.