ಪಲ್ಪರ್ ಸಿಪ್ಪೆಗೆ ಗುಂಡಿ ಬೇಡ, ರಾಶಿ ಹಾಕಿ

ಒಂದು ಟನ್ ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಸುರಿದರೆ ಹತ್ತಿರ ಹತ್ತಿರ 400 ಕಿಲೋ ಸಿಪ್ಪೆ. ಅದನ್ನು ಗುಂಡಿಗೆ ತಳ್ಳುವುದು ಹಳೆಯ ರೂಢಿ. ಗುಂಡಿಯಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸಿಪ್ಪೆಯ ಜೊತೆ ಹೋದ ಪೊಟ್ಯಾಷ್ ಮತ್ತು ಸಾರಜನಕವನ್ನು ನಾವೇ ಮತ್ತೆ ಚೀಲ ಚೀಲ ಕೊಂಡು ತರುತ್ತೇವೆ.

ಗೊಬ್ಬರಕ್ಕೆ ನಾನು ಹಾಕುವುದು ನೆಲದ ಮೇಲಿನ ರಾಶಿ, ತೋಡಿನಿಂದ (ಹಳ್ಳದಿಂದ) ದೂರ. ಹಸಿ ಸಿಪ್ಪೆಯಲ್ಲಿ ಶೇ. 80ರಷ್ಟು ನೀರೇ ಇರುವುದರಿಂದ ಒಂದು ರಾತ್ರಿ ಬಸಿಯಲು ಬಿಡಬೇಕು. ಆ ಹುಳಿನೀರು ತೋಡು ಸೇರಿದರೆ ಮೀನು ಉಳಿಯುವುದಿಲ್ಲ; ಹಿಡಿದಿಟ್ಟರೆ ರಾಶಿ ಒಣಗಿದಾಗ ಚಿಮುಕಿಸಲು ಬರುತ್ತದೆ.

ಬಸಿದ ಒಂದು ಟನ್ ಸಿಪ್ಪೆಗೆ ಒಣಗಿದ್ದು 300 ಕಿಲೋ, ಹಸಿ ಸಗಣಿ 100 ಕಿಲೋ, ರಾಕ್ ಫಾಸ್ಫೇಟ್ (ರಂಜಕದ ಕಲ್ಲುಪುಡಿ) 20 ಕಿಲೋ. ಒಣಗಿದ್ದು ಎಂದರೆ ಭತ್ತದ ಹುಲ್ಲು, ತರಗೆಲೆ, ಕೊಡಗಿನ ಕುಶಾಲನಗರದ ಕ್ಯೂರಿಂಗ್‌ಗಳಲ್ಲಿ (ಕಾಫಿ ಹದಮಾಡುವ ಕಾರ್ಖಾನೆಗಳಲ್ಲಿ) ಸಿಗುವ ಚೆರ್ರಿ ಹೊಟ್ಟು, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಹೊಟ್ಟು. ಸಿಲ್ವರ್ ಓಕ್ ಎಲೆ ಕೊಳೆಯಲು ಸತಾಯಿಸುತ್ತದೆ, ಕಡಿಮೆ ಹಾಕಿ. ಸುಣ್ಣ ಬೇಡವೇ ಬೇಡ, ಸಗಣಿಯ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ರಾಶಿಯ ತಳಕ್ಕೆ ಗಾಳಿಯಾಡಲು ಒಣಕಡ್ಡಿ ಅರ್ಧ ಅಡಿ (ಹಸಿ ಹಾಲುವಾಣದ ಗೆಲ್ಲು ಹಾಕಿದರೆ ಅದೇ ಚಿಗುರಿ ಕೂತೀತು), ಆಮೇಲೆ ಸಿಪ್ಪೆ, ಒಣಗಿದ್ದು, ಸಗಣಿನೀರು ಎಂದು ಪದರ ಪದರ. ಅಗಲ 5 ಅಡಿ, ಎತ್ತರ 4 ಅಡಿ. ಅದಕ್ಕಿಂತ ಎತ್ತರಿಸಿದರೆ ತನ್ನ ಭಾರಕ್ಕೆ ತಾನೇ ಅಮುಕಿ ಒಳಗೆ ಮತ್ತೆ ಗುಂಡಿಯ ಕಥೆಯೇ.

ನಾಲ್ಕೈದು ದಿನ ಬಿಟ್ಟು ಹಾರೆ ಚುಚ್ಚಿ, ಹತ್ತು ನಿಮಿಷದ ಮೇಲೆ ಎಳೆಯಿರಿ. ತುದಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ ರಾಶಿ ಸರಿಯಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಜಾಸ್ತಿ, ಮಗುಚಿ ಹುಲ್ಲು ಸೇರಿಸಿ. ಮೂಗಿಗೆ ಚುರುಗುಟ್ಟುವ ಗಾಟು ಹೊಡೆದರೆ ಸಗಣಿ ಹೆಚ್ಚಾಗಿದೆ, ತರಗೆಲೆ ಹಾಕಿ. ಒಂದು ಹಿಡಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬರಬೇಕು. ಬಿಸಿ ಇಳಿದಾಗಲೆಲ್ಲ ಮಗುಚಬೇಕು, ಹೊರಗಿನದು ಒಳಗೆ ಹೋಗುವಂತೆ. ಹೊರಮೈ ಬಿಸಿಯಾಗುವುದಿಲ್ಲ, ಸಿಪ್ಪೆಯಲ್ಲಿ ಉಳಿದ ಹಣ್ಣಿನ ಕಾಯಿಕೊರಕ (ಕಾಫಿ ಕಾಯಿ ಕೊರೆಯುವ ಕೀಟ) ಅಲ್ಲೇ ಬದುಕಿಕೊಳ್ಳುತ್ತದೆ. ನೀರಿನಲ್ಲಿ ತೇಲುವ ಜೊಳ್ಳು ಹಣ್ಣನ್ನಂತೂ ರಾಶಿಗೆ ಹಾಕಲೇಬೇಡಿ. ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಒಣಗಿಸಿ.

ಜನವರಿಯ ರಾಶಿ ಮೇ ಹೊತ್ತಿಗೆ ಮಣ್ಣಿನ ವಾಸನೆಗೆ ಬರುತ್ತದೆ. ಜೂನ್ ಮಳೆಗೆ ತೆರೆದಿಟ್ಟರೆ ಪೊಟ್ಯಾಷ್ ತೊಳೆದುಹೋಗುತ್ತದೆ. ಮಳೆ ಕಡಿಮೆಯ ಕುಶಾಲನಗರದ ಕಡೆ ಟಾರ್ಪಾಲು ಸಾಕಾದೀತು, ಭಾಗಮಂಡಲದ ಜಡಿಮಳೆಗೆ ಮಾಡು ಕಟ್ಟಲೇಬೇಕು.