ಮನೆಯಿಲ್ಲದ ಹದಿಹರೆಯದ ಮಗುವಿಗೆ ಆಸರೆ ನೀಡುವ ಕುಟುಂಬಗಳಿಗೆ ಸರ್ಕಾರದ ನೆರವು: ವಿಜಯಪುರ ಜಿಲ್ಲೆಯವರಿಗೊಂದು ಕೈಪಿಡಿ

ವಿಜಯಪುರ ಜಿಲ್ಲೆಯಿಂದ ಪ್ರತಿವರ್ಷ ಸಾವಿರಾರು ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ ಕಟ್ಟಡದ ಕೆಲಸಕ್ಕೆ ಗೋವಾ ಮತ್ತು ಬೆಂಗಳೂರಿಗೂ ಗುಳೆ ಹೋಗುತ್ತವೆ. ಹೀಗೆ ಹೋದ ಕಡೆ ತಂದೆ-ತಾಯಿಯನ್ನು ಕಳೆದುಕೊಂಡವರು, ಬಾಲ್ಯವಿವಾಹಕ್ಕೆ ಹೆದರಿ ಊರು ಬಿಟ್ಟವರು, ಧಾಬಾ ಅಥವಾ ಗ್ಯಾರೇಜಿನ ದುಡಿಮೆ ತಾಳಲಾರದೆ ಓಡಿಬಂದವರು, ಹೀಗೆ ನಾನಾ ಕಾರಣಗಳಿಂದ ಹದಿಮೂರರಿಂದ ಹದಿನೇಳು ವರ್ಷದ ಮಕ್ಕಳು ನೆಲೆಯಿಲ್ಲದೆ ನಮ್ಮ ಬಸ್ ನಿಲ್ದಾಣಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಕಾಣಸಿಗುತ್ತಾರೆ. ಅಂತಹ ಮಗುವನ್ನು ಕರೆದು ಊಟ ಹಾಕಿ ಮಲಗಲು ಜಾಗ ಕೊಡುವ ಮನೆಗಳು ಈ ಭಾಗದಲ್ಲಿ ಕಡಿಮೆಯಿಲ್ಲ. ಆದರೆ ಇಂತಹ ಮಗುವಿಗಾಗಿ ಸರ್ಕಾರ ತಿಂಗಳಿಗೆ 4,000 ರೂಪಾಯಿ ನೀಡುವ ವ್ಯವಸ್ಥೆ ಇದೆಯೆಂಬುದು ಬಹುತೇಕರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಅದನ್ನು ಪಡೆಯಲು ಆಗದಿರುವುದಕ್ಕೆ ಮುಖ್ಯ ಕಾರಣ ಒಂದೇ: ಮಗು ಮನೆಯಲ್ಲಿದೆ, ಆದರೆ ಮಗು ಆ ಮನೆಯಲ್ಲಿರಬೇಕೆಂಬ ಮಕ್ಕಳ ಕಲ್ಯಾಣ ಸಮಿತಿಯ (ಆಸರೆಯಿಲ್ಲದ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲೆಯ ಸಮಿತಿ) ಆದೇಶ ಅವರ ಬಳಿ ಇಲ್ಲ. ತಿಂಗಳ ಹಣದಿಂದ ಹಿಡಿದು ಶಾಲೆಯ ದಾಖಲಾತಿಯವರೆಗೆ ಬಹುತೇಕ ಎಲ್ಲ ನೆರವೂ ಆ ಆದೇಶದ ಬೆನ್ನಿಗೇ ಬರುತ್ತದೆ. ಆದ್ದರಿಂದ ಮೊದಲು ಅದನ್ನು ಪಡೆಯುವ ಬಗೆಯನ್ನು ತಿಳಿಯೋಣ.

ಕುಟುಂಬದ ಆಸರೆಯಿಲ್ಲದ, ತಪ್ಪಿಸಿಕೊಂಡ ಅಥವಾ ತೊರೆಯಲ್ಪಟ್ಟ ಮಗು ನಿಮ್ಮ ಕಣ್ಣಿಗೆ ಬಿದ್ದರೆ 24 ಗಂಟೆಯೊಳಗೆ ಆ ವಿಷಯವನ್ನು ತಿಳಿಸುವುದು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು. ಹತ್ತಿರದ ಪೊಲೀಸ್ ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಥವಾ ನೇರವಾಗಿ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಬಹುದು. ತಿಳಿಸದೆ ಇಟ್ಟುಕೊಂಡರೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕನಿಕರದಿಂದ ಮನೆಗೆ ಕರೆತಂದವರ ಮೇಲೆಯೇ ನಾಳೆ ಯಾರೋ ದೂರು ಕೊಟ್ಟರೆ, ಮೊದಲ ದಿನವೇ ಮಾಡಿದ ಕರೆಯ ದಾಖಲೆ ಅವರನ್ನು ಕಾಯುತ್ತದೆ. ಕರೆ ಮಾಡಿದ ದಿನಾಂಕ, ಹೊತ್ತು ಮತ್ತು ಮಾತನಾಡಿದವರ ಹೆಸರನ್ನು ಬರೆದಿಟ್ಟುಕೊಳ್ಳಿ.

ಬಳಿಕ, ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ಇಂಡಿ, ಸಿಂದಗಿ ಅಥವಾ ಮುದ್ದೇಬಿಹಾಳದ ಕಡೆಯವರು ವಿಜಯಪುರ ನಗರಕ್ಕೆ ಬರುವ ಮೊದಲು ಸಮಿತಿ ಅಂದು ಸೇರುತ್ತದೆಯೇ ಎಂದು ಫೋನಿನಲ್ಲಿ ವಿಚಾರಿಸುವುದು ಒಳಿತು. ಸಮಿತಿ ಸೇರದ ದಿನವಾದರೆ ಒಬ್ಬ ಸದಸ್ಯರ ಮುಂದೆಯೂ ಮಗುವನ್ನು ಹಾಜರುಪಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವಿದ್ದರೂ, ಅಲ್ಲಿಗೆ ಹೋಗುವವರು ಆರೋಪಿಗಳಂತೆ ಅಂಜಬೇಕಾಗಿಲ್ಲ. ವಕೀಲರನ್ನು ಇಟ್ಟುಕೊಳ್ಳಬೇಕಾದ ಅಗತ್ಯವೂ ಇಲ್ಲ. ಕಾನೂನಿನ ಸಲಹೆ ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಕ್ಕಳ ಪರವಾಗಿ ಅದನ್ನು ಉಚಿತವಾಗಿ ಒದಗಿಸುತ್ತದೆ.

ಇಲ್ಲಿ ಒಂದು ಕಹಿ ಸತ್ಯವನ್ನು ಹೇಳಲೇಬೇಕು. ನೀವು ಕರೆತಂದ ಮಗು ನಿಮ್ಮ ಮನೆಯಲ್ಲಿಯೇ ಉಳಿಯುತ್ತದೆಂಬ ಖಾತರಿಯಿಲ್ಲ. ಸಮಿತಿ ಮೊದಲು ಮಗುವಿನ ಹೆತ್ತವರನ್ನು ಹುಡುಕಿಸುತ್ತದೆ, ಸಾಮಾಜಿಕ ತನಿಖಾ ವರದಿ ತರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಮಗುವನ್ನು ಬಾಲಮಂದಿರಕ್ಕೆ ಕಳುಹಿಸಲೂಬಹುದು. ಆದರೆ ಮಗುವಿನ ಮಾತನ್ನು ಕೇಳುವುದು ಸಮಿತಿಯ ಕರ್ತವ್ಯ, ಮತ್ತು ಹದಿನೈದು ಹದಿನಾರು ವರ್ಷದವರ ಮಾತಿಗೆ ತೂಕ ಹೆಚ್ಚು. ಆದ್ದರಿಂದ ಎಲ್ಲಿರಲು ಇಷ್ಟ, ಏಕೆ ಇಷ್ಟ ಎಂಬುದನ್ನು ಮಗುವೇ ತನ್ನ ಮಾತಿನಲ್ಲಿ ಹೇಳಲಿ. ನೀವು ಹೇಳಿಕೊಡುವುದು ಬೇಡ. ವಿಚಾರಣೆ ಮುಗಿಯುವವರೆಗೆ ಮಗು ನಿಮ್ಮಲ್ಲಿಯೇ ಇರಲೆಂದು ನೀವು ಬಯಸಿದರೆ, ನಿಮ್ಮನ್ನು ಕಾಯ್ದೆಯ ಅರ್ಥದಲ್ಲಿ 'ಅರ್ಹ ವ್ಯಕ್ತಿ' (ಮಗುವನ್ನು ಸದ್ಯಕ್ಕೆ ನೋಡಿಕೊಳ್ಳಲು ತಕ್ಕವರು) ಎಂದು ಮಾನ್ಯ ಮಾಡುವಂತೆ ಲಿಖಿತ ಅರ್ಜಿ ಕೊಡಿ. ಅದೇ ಅರ್ಜಿಯಲ್ಲಿ, ಮುಂದೆ ಪೋಷಕತ್ವ (ಬಂಧುಗಳಲ್ಲದವರು ಮಗುವನ್ನು ತಮ್ಮ ಮನೆಯಲ್ಲಿ ಸಾಕುವುದು) ಅಥವಾ ಪ್ರಾಯೋಜಕತ್ವ (ಮಗುವಿರುವ ಬಡ ಕುಟುಂಬಕ್ಕೆ ಹಣದ ನೆರವು) ಯೋಜನೆಯಡಿ ನೆರವು ನೀಡುವುದನ್ನು ಪರಿಶೀಲಿಸಬೇಕೆಂದೂ ಬರೆಯಿರಿ. ಬಾಯಿಮಾತಿನ ಬೇಡಿಕೆ ಕಡತದಲ್ಲಿ ಉಳಿಯುವುದಿಲ್ಲ. ಕೊಟ್ಟ ಪ್ರತಿಯೊಂದು ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಈಗ ಹಣದ ವಿಚಾರ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಜೊತೆಯಾಗಿ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕುಟುಂಬಕ್ಕೆ ಎರಡು ದಾರಿಗಳಿವೆ. ನೀವು ಮಗುವಿಗೆ ಏನಾಗಬೇಕು ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ.

ಮಗು ಅಜ್ಜಿ, ಕಾಕಾ, ಸೋದರಮಾವ, ದೊಡ್ಡವ್ವನಂತಹ ಬಂಧುಗಳ ಮನೆಯಲ್ಲಿದ್ದರೆ ಅದು ಪ್ರಾಯೋಜಕತ್ವದ ದಾರಿ. ತಂದೆ-ತಾಯಿಯಿಲ್ಲದೆ ಬಂಧುಗಳ ಆಶ್ರಯದಲ್ಲಿರುವವರು, ವಿಧವೆ ಅಥವಾ ಪರಿತ್ಯಕ್ತ ತಾಯಿಯ ಮಕ್ಕಳು, ಹೆತ್ತವರು ಮಾರಣಾಂತಿಕ ಕಾಯಿಲೆಗೆ ತುತ್ತಾದವರು, ಮನೆಯಿಲ್ಲದವರು, ಬಾಲಕಾರ್ಮಿಕರಾಗಿದ್ದವರು, ಬಾಲ್ಯವಿವಾಹಕ್ಕೆ ಒಳಗಾದವರು, ಮನೆಬಿಟ್ಟು ಓಡಿಬಂದವರು ಈ ಪಟ್ಟಿಯಲ್ಲಿ ಬರುತ್ತಾರೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಇದಕ್ಕೆ ಆದಾಯದ ಮಿತಿಯಿದೆ: ಗ್ರಾಮೀಣ ಪ್ರದೇಶದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿಯನ್ನೂ, ಉಳಿದೆಡೆ 96,000 ರೂಪಾಯಿಯನ್ನೂ ಮೀರಬಾರದು. ಆದ್ದರಿಂದ ಅರ್ಜಿಗೆ ಮೊದಲು ನಾಡಕಚೇರಿಯಿಂದ ಅಥವಾ ಗ್ರಾಮ ಒನ್ ಕೇಂದ್ರದ ಮೂಲಕ ಆದಾಯ ಪ್ರಮಾಣಪತ್ರ ಪಡೆಯಿರಿ. ಹಳೆಯ ಪ್ರಮಾಣಪತ್ರದಲ್ಲಿರುವ ಮೊತ್ತ ಈಗಿನ ಸ್ಥಿತಿಗೆ ಹೊಂದದಿದ್ದರೆ ಹೊಸದನ್ನು ಮಾಡಿಸಿದ ಮೇಲೆಯೇ ಕಚೇರಿಗೆ ಹೋಗುವುದು ಲೇಸು.

ನೀವು ಮಗುವಿಗೆ ಬಂಧುಗಳಲ್ಲದಿದ್ದರೆ ನಿಮ್ಮದು ಪೋಷಕತ್ವದ ದಾರಿ. ಇಲ್ಲಿಯೂ ತಿಂಗಳಿಗೆ 4,000 ರೂಪಾಯಿಯ ನೆರವಿದೆ, ಆದರೆ ಪರೀಕ್ಷೆ ಬೇರೆ ಬಗೆಯದು. ಪ್ರಾಯೋಜಕತ್ವದಲ್ಲಿ ಬಡತನವನ್ನು ತೋರಿಸಬೇಕು. ಪೋಷಕತ್ವದಲ್ಲಿ ಮಗುವಿನ ಅಗತ್ಯಗಳನ್ನು ಪೂರೈಸುವಷ್ಟು ಆದಾಯ ನಿಮಗಿದೆಯೆಂದು ತೋರಿಸಬೇಕು. ಈ ಎರಡನ್ನು ಬೆರೆಸಿಕೊಂಡು, ಹಣ ಬೇಗ ಬರಲೆಂದು ತಮ್ಮ ಆದಾಯವನ್ನು ತೀರ ಕಡಿಮೆ ಬರೆಸಿದವರು ಪೋಷಕತ್ವದ ಪರಿಶೀಲನೆಯಲ್ಲಿ ತೊಡಕಿಗೆ ಸಿಲುಕುತ್ತಾರೆ. 2024ರಲ್ಲಿ ಪರಿಷ್ಕೃತವಾದ ಮಾದರಿ ಪೋಷಕತ್ವ ಮಾರ್ಗಸೂಚಿಯ ಬಳಿಕ ದಂಪತಿಗಳಷ್ಟೇ ಅಲ್ಲದೆ ಅವಿವಾಹಿತರು, ವಿಧವೆಯರು, ವಿಚ್ಛೇದಿತರು ಸಹ ಮಗುವನ್ನು ಪೋಷಿಸಬಹುದು. ಒಂಟಿ ಪುರುಷನಿಗೆ ಮಾತ್ರ ಹೆಣ್ಣುಮಗುವನ್ನು ಒಪ್ಪಿಸಲಾಗುವುದಿಲ್ಲ. ಎರಡು ವರ್ಷ ಪೋಷಿಸಿದ ಕುಟುಂಬ ಆ ಮಗು ಕಾನೂನುಬದ್ಧವಾಗಿ ದತ್ತು ನೀಡಲು ಮುಕ್ತವಾಗಿದ್ದರೆ ದತ್ತು ಪಡೆಯಲು ಅರ್ಜಿ ಹಾಕಬಹುದು. ಹಿಂದೆ ಈ ಅವಧಿ ಐದು ವರ್ಷವಿತ್ತು.

ಪೋಷಕತ್ವಕ್ಕೆ ಮುನ್ನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು ಅಧ್ಯಯನ ವರದಿ ಸಿದ್ಧಪಡಿಸುತ್ತಾರೆ. ಅವರು ಬಂದಾಗ ಮನೆಯನ್ನು ಅಲಂಕರಿಸುವ ಅಗತ್ಯವಿಲ್ಲ. ಮಗುವಿಗೆ ಮಲಗಲು ಜಾಗ, ಬಟ್ಟೆ-ಪುಸ್ತಕ ಇಟ್ಟುಕೊಳ್ಳಲು ಒಂದು ಕಪಾಟು, ಹೆಣ್ಣುಮಗುವಾದರೆ ಖಾಸಗಿತನವಿರುವ ಸ್ನಾನದ ಮನೆ ಮತ್ತು ಶೌಚಾಲಯ, ಇವುಗಳನ್ನು ಅವರು ನೋಡುತ್ತಾರೆ. ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ ಎಂಬುದನ್ನೂ ಕೇಳುತ್ತಾರೆ. ಮನೆಯಲ್ಲಿರುವ ನಿಮ್ಮ ಸ್ವಂತ ಮಕ್ಕಳನ್ನು ಈ ಮಾತುಕತೆಯಿಂದ ದೂರ ಇಡಬೇಡಿ. ಆಧಾರ್, ವಾಸಸ್ಥಳದ ದಾಖಲೆ, ಆದಾಯದ ದಾಖಲೆ, ಭಾವಚಿತ್ರಗಳು, ಅಪರಾಧ ಹಿನ್ನೆಲೆಯಿಲ್ಲವೆಂಬ ಪೊಲೀಸ್ ಪರಿಶೀಲನಾ ಪತ್ರ, ಮನೆಮಂದಿಯೆಲ್ಲರ ವೈದ್ಯಕೀಯ ವರದಿ ಇವೆಲ್ಲ ಬೇಕಾಗುತ್ತವೆ. ವೈದ್ಯಕೀಯ ವರದಿಯಲ್ಲಿ ಕ್ಷಯ, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ತಪಾಸಣೆಯೂ ಸೇರುವುದರಿಂದ ಕೆಲವರು ಅದನ್ನು ಅವಮಾನವೆಂದು ಭಾವಿಸುತ್ತಾರೆ. ಇದು ಯಾರ ಮೇಲಿನ ಸಂಶಯವೂ ಅಲ್ಲ. ಪೋಷಕರಾಗಲು ಮುಂದೆ ಬರುವ ಪ್ರತಿಯೊಂದು ಮನೆಗೂ ಇದೇ ನಿಯಮ.

ಮಗುವಿನ ದಾಖಲೆಗಳೇ ಬಹಳ ಸಲ ಕೆಲಸವನ್ನು ತಡೆಯುತ್ತವೆ. ಊರಿಂದ ಊರಿಗೆ ಅಲೆದ ಮಗುವಿನ ಬಳಿ ಜನನ ಪ್ರಮಾಣಪತ್ರ ಇರುವುದಿಲ್ಲ, ವಯಸ್ಸು ಅಂದಾಜಿನದಾಗಿರುತ್ತದೆ. ನೆರವು 18 ವರ್ಷ ತುಂಬುವವರೆಗೆ ಮಾತ್ರ ಸಿಗುವುದರಿಂದ ವಯಸ್ಸಿನ ಒಂದೊಂದು ವರ್ಷವೂ 48,000 ರೂಪಾಯಿಯ ಪ್ರಶ್ನೆ. ಕಾಯ್ದೆಯ 94ನೇ ಕಲಮಿನ ಪ್ರಕಾರ ಸಮಿತಿ ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು ನೋಡುತ್ತದೆ. ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆಗೆ ಕಳುಹಿಸುತ್ತದೆ. ಸಮಿತಿ ದಾಖಲಿಸಿದ ವಯಸ್ಸೇ ಈ ಕಾಯ್ದೆಯ ಮಟ್ಟಿಗೆ ನಿಜವಾದ ವಯಸ್ಸು. ಆದ್ದರಿಂದ ಮಗು ಎರಡನೆಯ ಅಥವಾ ಮೂರನೆಯ ತರಗತಿಯವರೆಗೆ ಯಾವ ತಾಂಡಾದ, ಯಾವ ಊರಿನ ಶಾಲೆಯಲ್ಲಿ ಓದಿತ್ತೆಂಬುದನ್ನು ಸಮಾಧಾನದಿಂದ ಕೇಳಿ ತಿಳಿದು, ಆ ಶಾಲೆಯ ದಾಖಲಾತಿಯ ವಿವರ ತರಿಸಲು ಸಮಿತಿಗೆ ಮನವಿ ಮಾಡಿ. ಆಧಾರ್ ಇದ್ದರೆ 15 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ನವೀಕರಿಸಲೇಬೇಕು. ಇದನ್ನು ಬಿಟ್ಟರೆ ಬ್ಯಾಂಕಿನಲ್ಲಿ, ವಿದ್ಯಾರ್ಥಿವೇತನದಲ್ಲಿ ಮುಂದೆ ತೊಂದರೆಯಾಗುತ್ತದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವ ಕಾರಣ ಖಾತೆಯನ್ನೂ ಬೇಗ ತೆರೆಸಿ. ಯಾರ ಹೆಸರಿನಲ್ಲಿ ತೆರೆಯಬೇಕೆಂದು ಘಟಕದವರನ್ನು ಕೇಳಿಯೇ ಬ್ಯಾಂಕಿಗೆ ಹೋಗಿ.

ಅರ್ಜಿ ಜಿಲ್ಲಾ ಮಟ್ಟದ ಪ್ರಾಯೋಜಕತ್ವ ಮತ್ತು ಪೋಷಕತ್ವ ಅನುಮೋದನಾ ಸಮಿತಿಯ ಮುಂದೆ ಹೋಗಿ ಮಂಜೂರಾಗಬೇಕು. ಆದೇಶವಾದ ಮರುದಿನವೇ ಹಣ ಕೈಗೆ ಬರುವುದಿಲ್ಲ. ಮೊದಲ ಕೆಲವು ತಿಂಗಳ ಖರ್ಚನ್ನು ನಿಮ್ಮ ಕೈಯಿಂದಲೇ ನಡೆಸಲು ಸಿದ್ಧರಿರಿ. ಬಂದ ಹಣದ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಶಾಲೆ, ಬಟ್ಟೆ, ಔಷಧಿ, ಬಸ್ ಪಾಸು. ಪರಿಶೀಲನೆಗೆ ಬಂದವರಿಗೆ ಇದನ್ನು ತೋರಿಸಿದರೆ ಮಾತು ಸುಲಭವಾಗುತ್ತದೆ. ಮಗು ಶಾಲೆಗೆ ಸರಿಯಾಗಿ ಹೋಗದಿದ್ದರೆ ಪ್ರಾಯೋಜಕತ್ವದ ನೆರವು ನಿಲ್ಲಬಹುದು. ಹೀಗಾಗಿ ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ತಿಕೋಟಾ, ಬಬಲೇಶ್ವರದ ಕಡೆ ತೋಟದ ಕೆಲಸಕ್ಕೆ ಮಗುವನ್ನು ಕಳುಹಿಸುವ ಆಲೋಚನೆ ಬೇಡವೇ ಬೇಡ. ಪೋಷಕತ್ವದ ಮಗುವನ್ನು ದುಡಿಮೆಗೆ ಹಚ್ಚುವುದು ಆ ಮಗುವಿಗೆ ಮಾಡುವ ದ್ರೋಹ. ಆದೇಶ ರದ್ದಾಗಲೂ ಅದು ಕಾರಣವಾಗುತ್ತದೆ.

ತಿಂಗಳ ಹಣದಷ್ಟೇ ಮುಖ್ಯವಾದ ಬೇರೆ ನೆರವುಗಳನ್ನೂ ಕೈಬಿಡಬೇಡಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಬಿಸಿಯೂಟವಿದೆ. ಮೆಟ್ರಿಕ್ ಪೂರ್ವ ಮತ್ತು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು. ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ನಿಮ್ಮದು ಆದ್ಯತಾ ಪಡಿತರ ಚೀಟಿಯಾಗಿದ್ದರೆ ಸಮಿತಿಯ ಆದೇಶದ ಪ್ರತಿಯೊಂದಿಗೆ ಮಗುವಿನ ಹೆಸರು ಸೇರಿಸಲು ಆಹಾರ ಇಲಾಖೆಗೆ ಅರ್ಜಿ ಕೊಡಿ, ಏಕೆಂದರೆ ಅಂತಹ ಚೀಟಿಗೆ ಧಾನ್ಯ ಸಿಗುವುದು ತಲೆಲೆಕ್ಕದಲ್ಲಿ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ರಕ್ಷಣೆಯಿರುವುದರಿಂದ ಆ ಕಾರ್ಡಿನ ವಿಷಯವನ್ನೂ ಅದೇ ಸಮಯದಲ್ಲಿ ವಿಚಾರಿಸಿ.

ಮಗುವನ್ನು ದುಡಿಮೆಯಿಂದ ಬಿಡಿಸಿ ತಂದಿದ್ದರೆ ಇನ್ನೊಂದು ಹಕ್ಕಿದೆ. ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಯಡಿ ಮಾಲೀಕರಿಂದ ವಸೂಲಾದ ದಂಡ ಪುನರ್ವಸತಿ ನಿಧಿಗೆ ಸೇರುತ್ತದೆ. ಅದಕ್ಕೆ ಸರ್ಕಾರ ತಲಾ 15,000 ರೂಪಾಯಿ ಸೇರಿಸುತ್ತದೆ. ಮುಂಗಡದ ಸಾಲಕ್ಕಾಗಿ ಮಗುವನ್ನು ಕಟ್ಟಿಹಾಕಿದ್ದರೆ ಅದು ಜೀತ. ಅಂತಹ ಪ್ರಕರಣದಲ್ಲಿ ಉಪವಿಭಾಗಾಧಿಕಾರಿಗಳ ಬಿಡುಗಡೆ ಪತ್ರ ಪಡೆಯುವುದನ್ನು ಮರೆಯಬೇಡಿ, ಏಕೆಂದರೆ ಜೀತವಿಮುಕ್ತರ ಪುನರ್ವಸತಿಯ ಮೊತ್ತ ಅದರ ಮೇಲೆಯೇ ನಿಂತಿದೆ.

ದಾನಿಗಳಿಂದ ಹಣ ಕೂಡಿಸಲು ಮಗುವಿನ ಭಾವಚಿತ್ರ ಮತ್ತು ಕಥೆಯನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಇಂತಹ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸಿದೆ. ಆರು ತಿಂಗಳವರೆಗಿನ ಸೆರೆವಾಸ, 2 ಲಕ್ಷ ರೂಪಾಯಿವರೆಗಿನ ದಂಡಕ್ಕೆ ದಾರಿಯಿದೆ. ಊರಿನವರು ನೆರವಾಗಲು ಬಯಸಿದರೆ ಶಾಲೆಯ ಪುಸ್ತಕ, ಸೈಕಲ್, ಸಮವಸ್ತ್ರ ಕೊಡಿಸಲಿ. ಅದಕ್ಕೆ ಮಗುವಿನ ಹೆಸರನ್ನು ಊರಲ್ಲೆಲ್ಲ ಸಾರುವ ಅಗತ್ಯವಿಲ್ಲ.

ಪೋಷಕತ್ವ ಅಥವಾ ಪ್ರಾಯೋಜಕತ್ವದ ಬಗ್ಗೆ ಮಕ್ಕಳ ಕಲ್ಯಾಣ ಸಮಿತಿ ಕೊಟ್ಟ ತೀರ್ಮಾನ ನಿಮಗೆ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಮಿತಿಯ ಉಳಿದ ಆದೇಶಗಳ ಮೇಲ್ಮನವಿ ಮಕ್ಕಳ ನ್ಯಾಯಾಲಯಕ್ಕೆ ಹೋದರೆ, ಈ ಎರಡರ ಮೇಲ್ಮನವಿಯನ್ನು ಜಿಲ್ಲಾಧಿಕಾರಿಗಳಿಗೆ ಸಲ್ಲಿಸಬೇಕು.

ಕೊನೆಯದಾಗಿ, ಹದಿಹರೆಯದವರ ವಿಷಯದಲ್ಲಿ ಕಾಲ ಬಹಳ ಕಡಿಮೆ. ಹದಿನಾರನೆಯ ವಯಸ್ಸಿನಲ್ಲಿ ಮನೆಗೆ ಬಂದ ಮಗುವಿಗೆ ಎರಡು ವರ್ಷದ ನೆರವಷ್ಟೇ ಉಳಿದಿರುತ್ತದೆ. 18 ದಾಟಿದವರಿಗೆ ಅನುಪಾಲನೆಯ ಹೆಸರಿನಲ್ಲಿ 21 ವರ್ಷದವರೆಗೆ ನೆರವು ನೀಡಲು ಕಾಯ್ದೆಯ 46ನೇ ಕಲಮು ಅವಕಾಶ ಕೊಟ್ಟಿದೆ. ಆದರೆ ಆ ಕಲಮು ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬರುವವರನ್ನು ಕುರಿತು ಮಾತನಾಡುತ್ತದೆ. ಆದ್ದರಿಂದ ಮನೆಯಲ್ಲಿ ಬೆಳೆಯುತ್ತಿರುವ ಮಗುವಿಗೆ ಮುಂದೆ ಯಾವ ನೆರವು ಸಿಗುತ್ತದೆಂಬುದನ್ನು ಹದಿನೇಳು ತುಂಬುತ್ತಿದ್ದಂತೆಯೇ ಸಮಿತಿಗೆ ಲಿಖಿತವಾಗಿ ಕೇಳಿ, ಮಗುವಿನ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಅದನ್ನು ಬರೆಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು. ಮುಗಿಸಿದವರಿಗೆ ಸರ್ಕಾರಿ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಕಡಿಮೆ ಶುಲ್ಕದ ಕೋರ್ಸುಗಳಿವೆ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಹದಿನೆಂಟು ತುಂಬಿದ ಮೇಲೆ ಅರ್ಜಿ ಹಿಡಿದು ಓಡಾಡುವ ಬದಲು, ತಿಂಗಳ ಹಣ ನಿಲ್ಲುವ ಮೊದಲೇ ಇವುಗಳಲ್ಲೊಂದು ಪ್ರವೇಶ ಕೈಸೇರುವಂತೆ ನೋಡಿಕೊಳ್ಳಿ.