ಕಬ್ಬಿನ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ಹುಕ್ ಆರಿಸುವುದು, ಕೂರಿಸುವುದು

ಮುಧೋಳ, ಜಮಖಂಡಿ, ಮಹಾಲಿಂಗಪುರದ ಸುತ್ತಲಿನ ಹಳ್ಳಿಗಳಲ್ಲಿ ಖಂಡೇನವಮಿ ಮುಗಿಯಿತೆಂದರೆ ಕಬ್ಬು ಸಾಗಣೆಯ ತಯಾರಿ ಶುರುವಾಗುತ್ತದೆ. ಟೈರು, ಬ್ಯಾಟರಿ, ಎಂಜಿನ್ ಆಯಿಲ್ ಎಲ್ಲವನ್ನೂ ಎಚ್ಚರದಿಂದ ನೋಡುವ ಮಾಲೀಕರು, ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಕೂಡಿಸುವ ಹುಕ್ಕಿನ ಮಾತು ಬಂದಾಗ ಮಾತ್ರ ದಪ್ಪ ಕಬ್ಬಿಣ ಹಾಕಿ ಗಟ್ಟಿಯಾಗಿ ವೆಲ್ಡಿಂಗ್ ಮಾಡಿಬಿಡಿ ಎಂದು ಹೇಳಿ ಸುಮ್ಮನಾಗುತ್ತಾರೆ. ಹುಕ್ ಮುರಿಯದಿದ್ದರೆ ಸಾಕು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಎಂದೂ ಮುರಿಯದ ಹುಕ್ಕು ಕೂಡ ತಪ್ಪು ಎತ್ತರದಲ್ಲಿದ್ದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿಸಬಲ್ಲದು. ನೆಲದಿಂದ ಹುಕ್ಕಿನ ಎತ್ತರ ಎಷ್ಟು, ಹಿಂದಿನ ಆಕ್ಸಲ್‌ನಿಂದ ಅದರ ದೂರ ಎಷ್ಟು ಎಂಬ ಎರಡು ಅಳತೆಗಳು ಮೊದಲು ನಿರ್ಧಾರವಾಗಬೇಕು. ದಪ್ಪದ ಪ್ರಶ್ನೆ ಆಮೇಲೆ ಬರುತ್ತದೆ.

ಬೆಳಗಾವಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಾಗುವ ಉದ್ದನೆಯ ಟ್ರೇಲರ್ ಲಾರಿಗಳನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆ ಲಾರಿಗಳಲ್ಲಿ ಫಿಫ್ತ್ ವ್ಹೀಲ್ ಎಂಬ ದುಂಡನೆಯ ತಟ್ಟೆ ಹಿಂದಿನ ಆಕ್ಸಲ್‌ಗಳ ನೆತ್ತಿಯ ಮೇಲೆ, ಸಾಮಾನ್ಯವಾಗಿ ತುಸು ಮುಂದಕ್ಕೆ ಇರುತ್ತದೆ. ಟ್ರೇಲರಿನ ತಳದಿಂದ ಕೆಳಕ್ಕೆ ಚಾಚಿದ ಕಿಂಗ್‌ಪಿನ್ ಎಂಬ ಗೂಟ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಟ್ರೇಲರಿನ ಭಾರದಲ್ಲಿ ಒಂದು ಪಾಲು ಮುಂದಿನ ಗಾಲಿಗಳಿಗೂ ಸಲ್ಲುತ್ತದೆ, ಸ್ಟೇರಿಂಗ್ ಹಗುರಾಗುವುದಿಲ್ಲ. ಅಮೆರಿಕದಲ್ಲಿ ಪಿಕಪ್ ವಾಹನಗಳ ಹಿಂದಿನ ತೊಟ್ಟಿಯೊಳಗೆ ಇದೇ ಬಗೆಯ ಹಿಚ್ ಕೂರಿಸುವುದಕ್ಕೂ ಕಾರಣ ಇದೇ. ನಮ್ಮ ಟ್ರ್ಯಾಕ್ಟರಿನಲ್ಲಿ ಆ ಅನುಕೂಲವಿಲ್ಲ. ಇಲ್ಲಿ ಹುಕ್ ಆಕ್ಸಲ್‌ನ ಹಿಂದೆ ಇರುತ್ತದೆ, ಆದ್ದರಿಂದ ಅದರ ಮೇಲೆ ಬಿದ್ದ ಪ್ರತಿಯೊಂದು ಕಿಲೋ ಭಾರವೂ ಮುಂದಿನ ಗಾಲಿಗಳಿಂದ ಸ್ವಲ್ಪ ತೂಕವನ್ನು ಕಸಿದುಕೊಳ್ಳುತ್ತದೆ.

ಎತ್ತರದ ಲೆಕ್ಕ

50 ಎಚ್‌ಪಿ ಆಸುಪಾಸಿನ ಒಂದು ಟ್ರ್ಯಾಕ್ಟರ್ 2200 ಕೆ.ಜಿ. ತೂಗುತ್ತದೆ, ಅದರಲ್ಲಿ 850 ಕೆ.ಜಿ. ಮುಂದಿನ ಆಕ್ಸಲ್ ಮೇಲಿದೆ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 2 ಮೀಟರ್ ಅಂತರವಿದೆ, ಹುಕ್ ಹಿಂದಿನ ಆಕ್ಸಲ್‌ನಿಂದ 60 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಳ್ಳೋಣ. ಎರಡು ಗಾಲಿಯ ಟ್ರೇಲರಿಗೆ ಕಬ್ಬು ಹೇರಿದಾಗ ಹುಕ್ಕಿನ ಮೇಲೆ 1000 ಕೆ.ಜಿ. ಭಾರ ಬಂದರೆ, 60ನ್ನು 200ರಿಂದ ಭಾಗಿಸಿದ ಪ್ರಮಾಣದಲ್ಲಿ, ಅಂದರೆ 300 ಕೆ.ಜಿ.ಯಷ್ಟು, ಮುಂದಿನ ಆಕ್ಸಲ್ ಹಗುರಾಗುತ್ತದೆ. ಇದು ಗಾಡಿ ನಿಂತಾಗಿನ ಲೆಕ್ಕ.

ಗಾಡಿ ಎಳೆಯತೊಡಗಿದಾಗ ಎರಡನೆಯ ಲೆಕ್ಕ ಸೇರುತ್ತದೆ. ಒಟ್ಟು 12 ಟನ್ ಭಾರವನ್ನು 20 ಅಡಿಗೆ 1 ಅಡಿ ಏರುವ ಮಣ್ಣಿನ ದಾರಿಯಲ್ಲಿ ಎಳೆಯಲು ಸುಮಾರು 1000 ಕೆ.ಜಿ. ಎಳೆತ ಬೇಕಾಗುತ್ತದೆ. ಹುಕ್ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದ್ದರೆ ಈ ಎಳೆತ ಮುಂದಿನ ಆಕ್ಸಲ್‌ನಿಂದ ಇನ್ನೂ 250 ಕೆ.ಜಿ. ಕಸಿಯುತ್ತದೆ, 80 ಸೆಂ.ಮೀ. ಎತ್ತರದಲ್ಲಿದ್ದರೆ 400 ಕೆ.ಜಿ. ಮೊದಲಿನ ಸಂದರ್ಭದಲ್ಲಿ ಮುಂದೆ ಉಳಿಯುವುದು 300 ಕೆ.ಜಿ., ಎರಡನೆಯದರಲ್ಲಿ ಬರೀ 150. ಏರಿನ ಓರೆಯಿಂದಾಗಿ ಟ್ರ್ಯಾಕ್ಟರಿನ ಸ್ವಂತ ತೂಕವೂ ಹಿಂದಕ್ಕೆ ವಾಲುವುದರಿಂದ ನಿಜವಾಗಿ ಉಳಿಯುವುದು ಇದಕ್ಕಿಂತ ಕಡಿಮೆಯೇ. ಸ್ಟೇರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರಿನ ಒಟ್ಟು ತೂಕದ ಕನಿಷ್ಠ ಶೇ 20ರಷ್ಟು ಮುಂದಿನ ಆಕ್ಸಲ್ ಮೇಲಿರಬೇಕು ಎಂಬುದು ಹಲವು ಟ್ರ್ಯಾಕ್ಟರ್ ಕೈಪಿಡಿಗಳಲ್ಲಿ ಕಾಣುವ ನಿಯಮ. ನಮ್ಮ ಉದಾಹರಣೆಯಲ್ಲಿ ಅದು 440 ಕೆ.ಜಿ. ಎರಡೂ ಸಂದರ್ಭಗಳು ಈ ಮಿತಿಯ ಕೆಳಗೇ ಇವೆ. ಹುಕ್ಕಿನ ಮೇಲಿನ ಭಾರವನ್ನು 600 ಕೆ.ಜಿ.ಗೆ ಇಳಿಸಿ, ಹುಕ್ಕನ್ನು 50 ಸೆಂ.ಮೀ.ಗೇ ಇಟ್ಟುಕೊಂಡರೆ 420 ಕೆ.ಜಿ. ಉಳಿಯುತ್ತದೆ; ಮುಂದಿನ ಬಂಪರಿಗೆ ಕೆಲವು ತೂಕದ ಬ್ಲಾಕುಗಳನ್ನು ಕಟ್ಟಿದರೆ ಮಿತಿಯೊಳಗೆ ಬರುತ್ತದೆ.

ಕಾಗದದ ಲೆಕ್ಕ ಬೇಡವೆನ್ನುವವರು ಹತ್ತಿರದ ತೂಕದ ಕಾಟಾಕ್ಕೆ ಹೋಗಿ ಇದನ್ನು ಕಣ್ಣಾರೆ ಕಾಣಬಹುದು. ಲೋಡ್ ಆದ ಟ್ರೇಲರನ್ನು ಜೋಡಿಸಿಕೊಂಡೇ ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ಹತ್ತಿಸಿ ತೂಕ ಬರೆದುಕೊಳ್ಳಬೇಕು. ನಂತರ ಟ್ರೇಲರ್ ಬಿಚ್ಚಿ ಅದೇ ಗಾಲಿಗಳನ್ನು ಮತ್ತೆ ತೂಗಬೇಕು. ಎರಡರ ವ್ಯತ್ಯಾಸವೇ ಹುಕ್ ಕಸಿದುಕೊಂಡ ತೂಕ. ನಿಂತಾಗಲೇ ಮುಂದಿನ ತೂಕ ಶೇ 20ರ ಹತ್ತಿರ ಬಂದಿದ್ದರೆ ಆ ಜೋಡಣೆಯನ್ನು ಏರಿನ ದಾರಿಗೆ ಒಯ್ಯಬಾರದು. ಹಂಗಾಮಿನಲ್ಲಿ ಹೇಗಿದ್ದರೂ ಕಾಟಾದ ಮುಂದೆ ಸಾಲಿನಲ್ಲಿ ನಿಲ್ಲುವುದು ತಪ್ಪದು. ಒಮ್ಮೆ ಈ ಪರೀಕ್ಷೆಗಾಗಿ ಬಿಡುವಿನ ವೇಳೆಯಲ್ಲಿ ಹೋಗುವುದು ದೊಡ್ಡ ಖರ್ಚಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಹುಕ್ಕಿನ ಭಾರ ಕಡಿಮೆ ಮಾಡಬೇಕೆಂದು ಕಬ್ಬನ್ನು ಟ್ರೇಲರಿನ ಹಿಂಭಾಗಕ್ಕೆ ಒಟ್ಟಿದರೆ ಮೂತಿ, ಅಂದರೆ ಹುಕ್ಕಿಗೆ ಕೂಡುವ ಟ್ರೇಲರಿನ ಮುಂದಿನ ತುದಿ, ಮೇಲಕ್ಕೇಳುತ್ತದೆ, ಹುಕ್ಕನ್ನು ಮೇಲಕ್ಕೆ ಜಗ್ಗುತ್ತದೆ, ಟ್ರ್ಯಾಕ್ಟರಿನ ಹಿಂದಿನ ಟೈರುಗಳ ಹಿಡಿತ ಸಡಿಲಾಗಿ ಟ್ರೇಲರ್ ಅಡ್ಡಡ್ಡ ತೂಗಾಡತೊಡಗುತ್ತದೆ. ಭಾರದ ನಡುಬಿಂದು ಟ್ರೇಲರ್ ಆಕ್ಸಲ್‌ಗಿಂತ ಯಾವಾಗಲೂ ತುಸು ಮುಂದೆಯೇ ಇರಬೇಕು.

ಯಾವ ಹುಕ್

ಒಂದು ಮಾತು ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಹೇಳಬೇಕು. ನೇಗಿಲು, ಕುಂಟೆ ಕಟ್ಟುವ ಹೈಡ್ರಾಲಿಕ್ ಲಿಂಕುಗಳಿಗಾಗಲಿ, ಅವುಗಳ ನಡುವಿನ ತೂತುಗಳಿರುವ ಅಡ್ಡಪಟ್ಟಿಗಾಗಲಿ, ಟಾಪ್ ಲಿಂಕ್ ಬ್ರಾಕೆಟ್ಟಿಗಾಗಲಿ ಲೋಡ್ ಟ್ರೇಲರನ್ನು ಕಟ್ಟಲೇಬಾರದು. ಟಾಪ್ ಲಿಂಕ್ ಇರುವುದು ಹಿಂದಿನ ಆಕ್ಸಲ್‌ನ ಮಧ್ಯಕ್ಕಿಂತ ಮೇಲೆ. ಅಲ್ಲಿಂದ ಎಳೆದರೆ ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚುವುದಕ್ಕೆ ಒಂದೆರಡು ಸೆಕೆಂಡು ಸಾಕು, ಚಾಲಕನಿಗೆ ಕ್ಲಚ್ ಒತ್ತಲೂ ಸಮಯ ಸಿಗುವುದಿಲ್ಲ.

ಆರಿಸಬೇಕಾದದ್ದು ಹಿಂದಿನ ಹೌಸಿಂಗ್‌ನಲ್ಲಿ (ಹಿಂದಿನ ಆಕ್ಸಲ್ ಮತ್ತು ಗೇರುಗಳನ್ನು ಒಳಗೊಂಡ ಕವಚದಲ್ಲಿ) ಟ್ರ್ಯಾಕ್ಟರ್ ಕಂಪನಿಯೇ ಕೊರೆದಿಟ್ಟ ಬೋಲ್ಟ್ ತೂತುಗಳಿಗೆ ನೇರವಾಗಿ ಕೂರುವ, ಎರಡು ದವಡೆಗಳ ನಡುವೆ ನೆಟ್ಟನೆಯ ಪಿನ್ನು ಇಳಿಯುವ ಹುಕ್. ಅದರಲ್ಲಿಯೂ ಅಕ್ಕಪಕ್ಕದ ಪ್ಲೇಟುಗಳಲ್ಲಿ ಮೇಲಿಂದ ಕೆಳಕ್ಕೆ ಹಲವು ತೂತುಗಳಿದ್ದು, ಹುಕ್ಕಿನ ಎತ್ತರವನ್ನು ಬದಲಿಸಬಹುದಾದ ಮಾದರಿ ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿಗೆಗೆ ಬೇರೆ ಬೇರೆ ಟ್ರೇಲರ್ ಎಳೆಯುವವರಿಗೆ ಪ್ರತಿಯೊಂದರ ಮೂತಿಯ ಎತ್ತರವೂ ಬೇರೆ. ಎತ್ತರ ಬದಲಿಸಲಾಗದ ಹುಕ್ ಇದ್ದರೆ ಮೂತಿಯನ್ನೇ ಕತ್ತರಿಸಿ ಬೆಸೆಯುವ ಕೆಲಸ ಆರಂಭವಾಗುತ್ತದೆ. ಲೋಡ್ ಆದ ಮೇಲೆ ಟ್ರೇಲರಿನ ತಳ ನೆಲಕ್ಕೆ ಸಮನಾಗಿ ನಿಲ್ಲಬೇಕು, ಹುಕ್ ಆಕ್ಸಲ್ ಮಧ್ಯದಿಂದ ಕೆಳಗಿರಬೇಕು, ಹಾಗೆಯೇ ಹೊಲದ ಬದುವಿಗೆ ತಾಗದಷ್ಟು ಮೇಲಿರಬೇಕು. ಈ ಮೂರೂ ಒಟ್ಟಿಗೆ ಹೊಂದುವ ತೂತಿನಲ್ಲಿ ಹುಕ್ಕನ್ನು ನಿಲ್ಲಿಸುವುದೇ ಸರಿ.

ಪಿನ್ನಿನ ವಿಷಯದಲ್ಲಿ ದಪ್ಪಕ್ಕೆ ನಿಜವಾಗಿಯೂ ಬೆಲೆಯಿದೆ. 25 ಮಿ.ಮೀ. ಪಿನ್ನಿಗಿಂತ 30 ಮಿ.ಮೀ. ಪಿನ್ನಿನ ಅಡ್ಡಳತೆಯ ವಿಸ್ತೀರ್ಣ 1.44 ಪಟ್ಟು ಹೆಚ್ಚು. 30 ಮಿ.ಮೀ. ಪಿನ್ನು ಸವೆದು 26ಕ್ಕೆ ಇಳಿದರೆ ವಿಸ್ತೀರ್ಣದಲ್ಲಿ ಕಾಲು ಭಾಗ ಹೋದಂತೆ, ಬಾಗುವುದನ್ನು ತಡೆಯುವ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋದಂತೆ. ಮನೆ ಕಟ್ಟುವಾಗ ಉಳಿದ ಕಬ್ಬಿಣದ ಸರಳನ್ನು ಕತ್ತರಿಸಿ ಪಿನ್ನಾಗಿ ಬಳಸುವ ರೂಢಿಯನ್ನು ಬಿಡಲೇಬೇಕು. ಅದರ ಮೈಮೇಲಿನ ಏಣುಗಳು ಟ್ರೇಲರ್ ಮೂತಿಯ ತುದಿಯಲ್ಲಿರುವ, ಪಿನ್ನು ಹಾಯುವ ರಿಂಗಿನ ಒಳಗನ್ನು ಅರದಂತೆ ಉಜ್ಜಿ ಹಾಕುತ್ತವೆ. ಲೇತ್ ಅಂಗಡಿಯವರಿಗೆ ಇಎನ್ 8 ಉಕ್ಕಿನಲ್ಲಿ ಪಿನ್ನು ಮಾಡಿಕೊಡಿ ಎಂದರೆ ಅರ್ಥವಾಗುತ್ತದೆ. ಮೇಲೆ ತಲೆ, ಕೆಳಗೆ ಲಾಕ್ ಪಿನ್ ಹಾಕಲು ತೂತು ಇರಲೇಬೇಕು; ತಂತಿ ಸುತ್ತಿದರೆ ಅದು ಲಾಕ್ ಆಗುವುದಿಲ್ಲ.

ಹುಕ್ ದಪ್ಪವಾದಷ್ಟೂ ಹೆಚ್ಚು ಹೇರಬಹುದು ಎಂದುಕೊಳ್ಳುವಂತಿಲ್ಲ. ಟ್ರೇಲರಿನ ಆರ್‌ಸಿಯಲ್ಲಿ ಬರೆದ ತೂಕವೇ ಮಿತಿ. ಕಂಪನಿ ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದನ್ನೂ ನೆನಪಿಡಬೇಕು.

ಕೂರಿಸುವ ಕ್ರಮ

ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಲಿಂಕುಗಳನ್ನು ಪೂರ್ತಿ ಇಳಿಸಿ, ಗಾಲಿಗಳ ಹಿಂದೆ ಮುಂದೆ ಮರದ ತುಂಡುಗಳನ್ನು ಒತ್ತಬೇಕು. ಹಳೆಯ ಹುಕ್ ಬಿಚ್ಚಿದ ಕೂಡಲೇ ಹೊಸದನ್ನು ಹಚ್ಚುವ ಅವಸರ ಬೇಡ. ಹೌಸಿಂಗ್ ಮೇಲೆ ವರ್ಷಗಳಿಂದ ಕೂತ ಎರೆಮಣ್ಣು ಮತ್ತು ಗ್ರೀಸಿನ ಪದರವನ್ನು ಡೀಸೆಲ್ಲಿನಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಲೋಹದ ಮೈ ಕಾಣುವಂತೆ ಮಾಡಬೇಕು. ಹುಕ್ಕಿನ ಬ್ರಾಕೆಟ್ ಹೌಸಿಂಗನ್ನು ತಾಗುವ ಭಾಗದಲ್ಲಿ ಬಣ್ಣ ದಪ್ಪವಾಗಿದ್ದರೆ ಅದನ್ನೂ ಕೆರೆದು ತೆಗೆಯಬೇಕು. ನಡುವೆ ಮಣ್ಣೋ ಬಣ್ಣವೋ ಉಳಿದರೆ ಮೊದಲ ಕೆಲವು ಲೋಡಿನಲ್ಲಿ ಅದು ಪುಡಿಯಾಗಿ ಹೋಗುತ್ತದೆ, ಆಗ ಬಿಗಿಯಾಗಿದ್ದ ಬೋಲ್ಟ್ ತಾನಾಗಿ ಸಡಿಲಾಗುತ್ತದೆ. ಹುಕ್ ಸಡಿಲಾಯಿತು ಎಂಬ ದೂರುಗಳಲ್ಲಿ ಹಲವಕ್ಕೆ ಇದೇ ಮೂಲ.

ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಕೊನೆಯವರೆಗೂ ಇಳಿಯುತ್ತವೆಯೇ ಎಂದು ನೋಡಬೇಕು. ಯಾವುದಾದರೂ ತೂತಿನ ಎಳೆ ಸವೆದಿದ್ದರೆ ಅದನ್ನು ಸರಿಪಡಿಸದೆ ಮುಂದುವರಿಯಬಾರದು; ಮೂರು ಬೋಲ್ಟ್ ಗಟ್ಟಿಯಿವೆ, ನಾಲ್ಕನೆಯದು ಇದ್ದಷ್ಟಿರಲಿ ಎಂಬ ಲೆಕ್ಕ ಇಲ್ಲಿ ನಡೆಯದು. ಬೋಲ್ಟಿನ ತಲೆಯ ಮೇಲೆ ಶಕ್ತಿಯ ದರ್ಜೆ ತೋರಿಸುವ 8.8 ಅಥವಾ 10.9 ಎಂಬ ಗುರುತು ಇರಬೇಕು. ಗುರುತಿಲ್ಲದ ಬೋಲ್ಟ್ ಎಷ್ಟು ಹೊಳೆಯುತ್ತಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಬಿಗಿಯುವಾಗ ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗದೆ, ಎದುರುಬದುರು ಮೂಲೆಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬುದಕ್ಕೆ ಟ್ರ್ಯಾಕ್ಟರಿನ ಕೈಪಿಡಿಯೇ ಪ್ರಮಾಣ. 8.8 ದರ್ಜೆಯ 16 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಸುಮಾರು 200 ನ್ಯೂಟನ್ ಮೀಟರ್ ಬೇಕು, ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಯಲ್ಲಿ 20 ಕೆ.ಜಿ. ಒತ್ತಿದಷ್ಟು. ಉದ್ದನೆಯ ಪೈಪ್ ಸಿಕ್ಕಿಸಿ ಇಬ್ಬರು ಜೋತುಬಿದ್ದರೆ ಬೋಲ್ಟ್ ಒಳಗೊಳಗೇ ಹಿಗ್ಗಿ ಶಕ್ತಿ ಕಳೆದುಕೊಳ್ಳುತ್ತದೆ. ಬಿಗಿತವನ್ನು ಅಳೆದು ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚ್, ಇರುವ ಗ್ಯಾರೇಜಿಗೆ ಹೋಗುವುದು ಉತ್ತಮ.

ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಬಿಳಿ ಪೇಂಟಿನಿಂದ ಒಂದು ನೇರ ಗೆರೆ ಎಳೆಯಬೇಕು. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಮುಂಜಾನೆ ಬ್ಯಾಟರಿ ಬೆಳಕಿನಲ್ಲಿ ಹೊಲಕ್ಕೆ ಹೊರಡುವ ಚಾಲಕನಿಗೂ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮೊದಲ ಲೋಡ್ ಇಳಿಸಿ ಬಂದ ಕೂಡಲೇ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಅಳತೆಯಂತೆ ಬಿಗಿದು, ಹಳೆಯ ಗೆರೆ ಅಳಿಸಿ ಹೊಸದನ್ನು ಎಳೆಯಬೇಕು.

ಹೌಸಿಂಗಿಗೆ ಮಾತ್ರ ಎಂದಿಗೂ ವೆಲ್ಡಿಂಗ್ ಮಾಡಿಸಬಾರದು. ಅದು ಎರಕದ ಕಬ್ಬಿಣ. ಒಂದೇ ಕಡೆ ಕಾಯ್ದು ಆರಿದಾಗ ವೆಲ್ಡಿಂಗಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ, ಒಳಗಿನ ಆಯಿಲ್ ಸೀಲುಗಳು ಸುಡುತ್ತವೆ, ವೆಲ್ಡಿಂಗ್ ಕರೆಂಟು ಬೇರಿಂಗುಗಳ ಮೂಲಕ ಹರಿದರೆ ಅವುಗಳ ಮೈಯಲ್ಲಿ ಚುಕ್ಕೆಚುಕ್ಕೆಯಾಗಿ ಗುಂಡಿ ಬೀಳುತ್ತವೆ. ಟ್ರ್ಯಾಕ್ಟರಿನ ಬೇರೆ ಎಲ್ಲಿಯಾದರೂ ವೆಲ್ಡಿಂಗ್ ಅನಿವಾರ್ಯವಾದರೆ ಬ್ಯಾಟರಿಯ ತಂತಿ ಬಿಚ್ಚಿ, ಅರ್ಥಿಂಗ್ ಕ್ಲಾಂಪನ್ನು ಕೆಲಸದ ಜಾಗದ ಪಕ್ಕದಲ್ಲೇ ಹಾಕಿಸಬೇಕು.

ಇನ್ನು ಸರಪಳಿ. ಪಿನ್ನು ಜಿಗಿದರೂ ಟ್ರೇಲರ್ ದಾರಿಹೋಕರ ಮೇಲೆ ಹೋಗದಂತೆ ತಡೆಯುವುದು ಇದೊಂದೇ. ಸರಪಳಿಯನ್ನು ಹುಕ್ಕಿಗೇ ಕಟ್ಟಿದರೆ ಹುಕ್ ಕಿತ್ತಾಗ ಅದೂ ಜೊತೆಗೇ ಹೋಗುತ್ತದೆ, ಆದ್ದರಿಂದ ಟ್ರ್ಯಾಕ್ಟರಿನಲ್ಲಿ ಬೇರೆಯದೇ ಗಟ್ಟಿ ಜಾಗ ಬೇಕು. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿದರೆ ಕಳಚಿದ ಮೂತಿ ನೆಲಕ್ಕೆ ಬಡಿಯುವ ಮೊದಲು ಅವುಗಳ ಮೇಲೆ ಬೀಳುತ್ತದೆ. ತಿರುವಿಗೆ ಸಾಕಾಗುವಷ್ಟು ಸಡಿಲವಿರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ಜೋಡಣೆ ಮುಗಿದ ಮೇಲೆ ಖಾಲಿ ಟ್ರೇಲರ್ ಕಟ್ಟಿ, ಬಯಲಿನಲ್ಲಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ದೊಡ್ಡ ಟೈರು ಮೂತಿಗೆ ತಾಗುವುದೇ ಎಂದು ನೋಡಬೇಕು. ಒಂದು ಬದುವನ್ನು ನಿಧಾನವಾಗಿ ದಾಟಿಸಿ, ಟ್ರ್ಯಾಕ್ಟರ್ ಕೆಳಗೆ, ಟ್ರೇಲರ್ ಮೇಲೆ ಇರುವ ಗಳಿಗೆಯಲ್ಲಿ ರಿಂಗ್ ಹುಕ್ಕಿನ ದವಡೆಗಳಲ್ಲಿ ಸಿಕ್ಕಿಕೊಳ್ಳುವುದೇ, ಮೂತಿ ಪಿಟಿಒ (ಬೇರೆ ಯಂತ್ರಗಳನ್ನು ತಿರುಗಿಸಲು ಟ್ರ್ಯಾಕ್ಟರಿನ ಹಿಂದಿರುವ ಶಾಫ್ಟ್) ಕವರನ್ನು ಒತ್ತುವುದೇ ಎಂದು ಗಮನಿಸಬೇಕು. ಪಿನ್ನು ಮತ್ತು ರಿಂಗಿನ ನಡುವೆ ಆಟಕ್ಕೆ ಜಾಗ ಬೇಕು, ಆದರೆ ಹೊರಟಾಗ ಪ್ರತಿಸಲ ಧಡ್ ಎಂಬ ಸದ್ದು ಬಂದರೆ ಜಾಗ ಹೆಚ್ಚಾಗಿದೆ ಎಂದರ್ಥ. ಆ ಒಂದೊಂದು ಹೊಡೆತವೂ ಸಾಮಾನ್ಯ ಎಳೆತದ ಹಲವು ಪಟ್ಟು ಭಾರವನ್ನು ಪಿನ್ನಿನ ಮೇಲೆ ಹಾಕುತ್ತದೆ. ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಪಿನ್ನು ಹಿಡಿದು ನಡುವೆ ನಿಲ್ಲುವ ಅಭ್ಯಾಸ ಎಷ್ಟೇ ಹಳೆಯದಿರಲಿ, ಅದು ಜೀವ ತೆಗೆಯುವಂಥದ್ದು. ಗಾಡಿ ಪೂರ್ತಿ ನಿಂತ ಮೇಲೆಯೇ ಹತ್ತಿರ ಹೋಗಬೇಕು.

ಎರಡನೆಯ ಟ್ರೇಲರ್ ಕಟ್ಟುವವರು ಮೊದಲ ಟ್ರೇಲರಿನ ಹಿಂದಿನ ಹುಕ್ಕನ್ನೂ ಇಷ್ಟೇ ಕಾಳಜಿಯಿಂದ ನೋಡಬೇಕು. ಆ ಹುಕ್ಕನ್ನು ಹಿಂಬದಿಯ ಅಡ್ಡ ಚಾನೆಲ್ಲಿಗೆ ಮಾತ್ರ ಬೆಸೆದಿದ್ದರೆ ಚಾನೆಲ್ ನಡುವೆ ಬಾಗಿ ಹೊರಗೆ ಬರುತ್ತದೆ. ಅಲ್ಲಿಂದ ಉದ್ದದ ಎರಡೂ ಚಾನೆಲ್ಲುಗಳಿಗೆ ಓರೆಯಾಗಿ ಆಧಾರ ಕೊಡಿಸಿರಬೇಕು.

ಹಂಗಾಮಿನ ನಡುವೆ

ಹದಿನೈದು ದಿನಕ್ಕೊಮ್ಮೆ ಹುಕ್ಕಿನ ಬೆಸುಗೆ ಮತ್ತು ಮೂಲೆಗಳನ್ನು ಬಿರುಕಿಗಾಗಿ ಪರೀಕ್ಷಿಸುವುದು ಒಳ್ಳೆಯದು. ಇದಕ್ಕೆ ದುಬಾರಿ ಸಾಮಾನು ಬೇಡ. ಜಾಗವನ್ನು ಸ್ವಚ್ಛ ಮಾಡಿ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಬಿಳಿಯ ಪುಡಿಯ ಮೇಲೆ ಕಪ್ಪನೆಯ ಗೆರೆ ಮೂಡುತ್ತದೆ. ಬಿರುಕು ಕಂಡ ಹುಕ್ಕನ್ನು ಬೆಸೆದು ಮತ್ತೆ ಬಳಸದೆ ಬದಲಿಸಬೇಕು. ಪಿನ್ನನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಮೂಲ ಅಳತೆಗಿಂತ ಹತ್ತರಲ್ಲಿ ಒಂದು ಪಾಲು ಸವೆದಿದ್ದರೆ, ಅಂದರೆ 30 ಮಿ.ಮೀ. ಪಿನ್ನು 27ಕ್ಕೆ ಬಂದಿದ್ದರೆ, ಹೊಸದನ್ನು ಹಾಕಬೇಕು. ಅದೇ ಅಳತೆಯ ಇನ್ನೊಂದು ಪಿನ್ನನ್ನೂ ಎರಡು ಲಾಕ್ ಪಿನ್ನುಗಳನ್ನೂ ಟೂಲ್ ಬಾಕ್ಸಿನಲ್ಲಿ ಸದಾ ಇಟ್ಟುಕೊಂಡಿರಬೇಕು.